ಬೋಟಿನ ಬ್ಯಾಟರಿ: ಆಗಸ್ಟ್ 1ಕ್ಕೆ ಮುಂಚೆ ಒಮ್ಮೆ ಪೆಟ್ಟಿಗೆ ತೆರೆದು ನೋಡಿ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ. ಈ 61 ದಿನಗಳಲ್ಲಿ ಕಸಬಾ ಬೆಂಗ್ರೆಗೆ ಹೋಗಿ, ಕೋಟೆಪುರಕ್ಕೆ ಹೋಗಿ, ಮಲ್ಪೆ, ಗಂಗೊಳ್ಳಿ, ಭಟ್ಕಳಕ್ಕೆ ಹೋಗಿ, ಎಲ್ಲ ಕಡೆ ಒಂದೇ ಕೆಲಸ. ಬಲೆ ಹೊಲಿಯುವವರು ಒಂದು ಕಡೆ, ಎಂಜಿನ್ ಬಿಚ್ಚಿದವರು ಇನ್ನೊಂದು ಕಡೆ, ಪೈಂಟಿನ ವಾಸನೆ ಎಲ್ಲ ಕಡೆ. ಮನೆಯಲ್ಲಿದ್ದ ಚಿನ್ನ ಸೊಸೈಟಿಗೆ ಹೋಗುವ ಕಾಲವೂ ಇದೇ. ಎಂಜಿನ್‌ಗೆ ಇಷ್ಟು, ಬಲೆಗೆ ಇಷ್ಟು, ಹಲಗೆಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಕಡೆಗೆ ಉಳಿಯುವುದು ಬ್ಯಾಟರಿ ಪೆಟ್ಟಿಗೆ. ಅದನ್ನು ಯಾರಾದರೂ ತೆರೆದರೆ ನೀರು ಹಾಕಿ ಮುಚ್ಚುತ್ತಾರೆ. "ಎಂತ ಆಗ್ಲಿಕ್ಕುಂಟು, ಬರೀ 12 ವೋಲ್ಟ್ ಅಲ್ವಾ?" ಎನ್ನುವುದು ಸಾಮಾನ್ಯ ಮಾತು.

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಅದು ಸರಿ. ಆದರೆ ಬೆಂಕಿ ಹಿಡಿಸಲಿಕ್ಕೆ ಅದಕ್ಕೆ ಯಾವ ಕಷ್ಟವೂ ಇಲ್ಲ. 100 ಆಂಪಿಯರ್-ಅವರ್ ಇರುವ ಒಂದು ಬ್ಯಾಟರಿಯ ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಒಂದು ಸ್ಪ್ಯಾನರ್ ಬಿದ್ದರೆ ಸಾವಿರ ಆಂಪಿಯರ್‌ಗೂ ಹೆಚ್ಚು ಕರೆಂಟ್ ಹರಿಯಬಹುದು. ಸ್ಪ್ಯಾನರ್ ಅಲ್ಲಿಯೇ ಬೆಸುಗೆಯಾಗುತ್ತದೆ, ವೈರ್ ಕೆಂಪಾಗುತ್ತದೆ, ಪಕ್ಕದಲ್ಲಿ ಫೈಬರ್, ಡೀಸೆಲ್, ಹಗ್ಗ, ನೈಲಾನ್ ಬಲೆ. ಮನೆಯಲ್ಲಿ ಬೆಂಕಿ ಬಿದ್ದರೆ ಹೊರಗೆ ಓಡಬಹುದು. 30 ಮೈಲು ದೂರದ ಕಡಲಲ್ಲಿ ಎಲ್ಲಿಗೆ ಓಡುವುದು?

ಇನ್ನೊಂದು ಅಪಾಯಕ್ಕೆ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಬ್ಯಾಟರಿ ಸುಮ್ಮನೆ ಸತ್ತುಹೋಗುವುದು. ಸೆಲ್ಫ್ ಎಳೆಯುವುದಿಲ್ಲ, ವೈರ್‌ಲೆಸ್ ಮಾತಾಡುವುದಿಲ್ಲ, ಜಿಪಿಎಸ್ ಕಪ್ಪು, ಮೇಲಿನ ಲೈಟ್ ಆರಿದೆ. ರಾತ್ರಿ ದೊಡ್ಡ ಹಡಗು ಹೋಗುವ ದಾರಿಯಲ್ಲಿ ಲೈಟ್ ಇಲ್ಲದ ಬೋಟ್ ಯಾರಿಗೂ ಕಾಣುವುದಿಲ್ಲ. ಅಳಿವೆ ಬಾಗಿಲಲ್ಲಿ ಎಂಜಿನ್ ನಿಂತು ಮತ್ತೆ ಸ್ಟಾರ್ಟ್ ಆಗದಿದ್ದರೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಲ್ಪೆಯ ಸುವರ್ಣ ತ್ರಿಭುಜ ಬೋಟ್ 2018ರ ಡಿಸೆಂಬರ್‌ನಲ್ಲಿ 7 ಜನರೊಂದಿಗೆ ಕಾಣೆಯಾದದ್ದಕ್ಕೂ ಬ್ಯಾಟರಿಗೂ ಸಂಬಂಧ ಕಟ್ಟುವುದು ನನ್ನ ಉದ್ದೇಶವಲ್ಲ. ಆದರೆ ಸಂಪರ್ಕ ಕಡಿದ ಮೇಲೆ ಮನೆಯಲ್ಲಿ ಕೂತವರ ದಿನಗಳು ಹೇಗಿರುತ್ತವೆ ಎಂದು ಅವತ್ತು ಕರಾವಳಿಯೆಲ್ಲ ನೋಡಿದೆ. ಅವಶೇಷ ಸಿಕ್ಕಿದ್ದು ಮರುವರ್ಷ ಮೇಯಲ್ಲಿ.

ನಾನು ಎಲೆಕ್ಟ್ರಿಷಿಯನ್ ಅಲ್ಲ, ಮದ್ರಸದಲ್ಲಿ ಪಾಠ ಹೇಳುವವನು. ಆದರೆ ನಮ್ಮಲ್ಲಿ ಕಲಿತ ಹುಡುಗರು ಹತ್ತನೇ ಕ್ಲಾಸ್ ಮುಗಿಸಿ ಬೋಟಿಗೆ ಹೋಗುತ್ತಾರೆ. ಆ ಬ್ಯಾಟರಿ ಪೆಟ್ಟಿಗೆಯ ಮೇಲೆ ಹಾಸಿಗೆ ಹಾಕಿ ಮಲಗುವವರು ಅವರೇ. ಅದಕ್ಕೆ ವೈರಿಂಗ್ ಬಲ್ಲವರ ಹತ್ತಿರ ಕೂತು, ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆಯೊಳಗಿನ ಮಾತು

ಗಿಲ್‌ನೆಟ್ ದೋಣಿ, ಸಣ್ಣ ಫೈಬರ್ ದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಚಾರ್ಜಿಂಗ್ ಇದ್ದರೂ ಕೆಲವೇ ಆಂಪಿಯರ್. ಕೆಲವದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಬ್ಯಾಟರಿಯನ್ನು ಹೊತ್ತು ಮನೆಗೆ ತರುತ್ತಾರೆ. ಅದು ಚಾರ್ಜ್ ಆಗುವುದು ಎಲ್ಲಿ? ಅಡುಗೆ ಕೋಣೆಯ ಮೂಲೆಯಲ್ಲಿ, ಇಲ್ಲದಿದ್ದರೆ ಮಂಚದ ಕೆಳಗೆ. ಕಿಟಕಿ ಮುಚ್ಚಿ, ಮಳೆ ಅಲ್ವಾ ಎಂದು.

ಲೆಡ್ ಆಸಿಡ್ ಬ್ಯಾಟರಿ ತುಂಬುತ್ತಾ ಬಂದಾಗ ಒಳಗಿನ ನೀರು ಒಡೆದು ಹೈಡ್ರೋಜನ್ ಗ್ಯಾಸ್ ಆಗಿ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಆದರೆ ಸಾಕು, ಒಂದು ಸಣ್ಣ ಕಿಡಿಗೆ ಹತ್ತಿಕೊಳ್ಳುತ್ತದೆ. ಗ್ಯಾಸ್ ಲೈಟರ್, ಫ್ರಿಜ್ಜಿನ ಒಳಗಿನ ಸ್ವಿಚ್, ಚಾರ್ಜರ್ ಕ್ಲಿಪ್ಪನ್ನು ಕಿತ್ತಾಗ ಹಾರುವ ಕಿಡಿ, ಯಾವುದಾದರೂ ಆಗಬಹುದು. ಸ್ಫೋಟಿಸುವುದು ಬ್ಯಾಟರಿಯ ಮುಚ್ಚಳ, ಚಿಮ್ಮುವುದು ಸಲ್ಫ್ಯೂರಿಕ್ ಆಸಿಡ್, ಬಗ್ಗಿ ನೋಡುತ್ತಿದ್ದವನ ಕಣ್ಣಿಗೇ.

ಹಾಗಾಗಿ ಮನೆಯಲ್ಲಿ ಚಾರ್ಜ್ ಮಾಡಲೇಬೇಕಿದ್ದರೆ ಹೊರಗಿನ ಜಗಲಿ, ಮಳೆ ಬೀಳದ ಗಾಳಿ ಆಡುವ ಜಾಗ, ಮಕ್ಕಳ ಕೈಗೆ ಎಟುಕದ ಕಡೆ. ಮೊದಲು ಕ್ಲಿಪ್ ಹಾಕಿ, ಮತ್ತೆ ಸ್ವಿಚ್ ಹಾಕಿ. ತೆಗೆಯುವಾಗ ಮೊದಲು ಸ್ವಿಚ್ ಆಫ್, ಮತ್ತೆ ಕ್ಲಿಪ್. ಈ ಕ್ರಮ ಮನೆಯ ಹೆಂಗಸರಿಗೂ ಗೊತ್ತಿರಬೇಕು, ಯಾಕೆಂದರೆ ಗಂಡಸರು ಮಲಗಿದ ಮೇಲೆ ಚಾರ್ಜರ್ ಆಫ್ ಮಾಡುವವರು ಅವರೇ. ಕಣ್ಣಿಗೆ ಆಸಿಡ್ ಹಾರಿದರೆ ಕೂಡಲೇ ಶುದ್ಧ ನೀರಿನಲ್ಲಿ 15-20 ನಿಮಿಷ ತೊಳೆಯುತ್ತಾ ಇರಬೇಕು, ಮತ್ತೆ ಆಸ್ಪತ್ರೆ. ಎಣ್ಣೆ, ಅರಿಶಿನ, ಹಾಲು ಯಾವುದೂ ಬೇಡ.

ದಕ್ಕೆಯಲ್ಲಿ ಬೋಟಿಗೇ 230 ವೋಲ್ಟಿನ ವೈರ್ ಎಳೆದು ಚಾರ್ಜ್ ಮಾಡುವುದು ಇದಕ್ಕಿಂತಲೂ ದೊಡ್ಡ ಅಪಾಯ. ಒದ್ದೆ ಹಲಗೆ, ಬರಿಗಾಲು, ಟೇಪ್ ಸುತ್ತಿದ ಎಕ್ಸ್‌ಟೆನ್ಶನ್ ಬಾಕ್ಸ್. ಸಾಯಲಿಕ್ಕೆ ಬೇರೆ ಎಂತ ಬೇಕು ಮಾರಾಯ್ರೆ? ದಡದ ಲೈನಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ತಿಂಗ್ ಇಲ್ಲದಿದ್ದರೆ ಆ ವೈರನ್ನು ಬೋಟಿಗೆ ತರಲೇಬೇಡಿ. ಇದ್ದರೆ, ಮೊದಲು ಬೋಟಿನ ಬದಿಯ ಪ್ಲಗ್, ಆಮೇಲೆ ದಡದ ಪ್ಲಗ್. ತೆಗೆಯುವಾಗ ಉಲ್ಟಾ. ಜೀವಂತ ಕರೆಂಟ್ ಇರುವ ವೈರಿನ ತುದಿ ನೀರಿನ ಮೇಲೆ ನೇತಾಡಬಾರದು, ಅಷ್ಟೇ ಅದರ ಗುಟ್ಟು.

ಒಂದು ರಾತ್ರಿಯ ಲೆಕ್ಕ

ಹಿಂದೆ ಬೋಟಿನಲ್ಲಿ ಬ್ಯಾಟರಿಯ ಕೆಲಸ ಎಂಜಿನ್ ಸ್ಟಾರ್ಟ್ ಮಾಡುವುದು, ಒಂದೆರಡು ಬಲ್ಬ್ ಉರಿಸುವುದು. ಈಗ ಇಕೋ ಸೌಂಡರ್, ಜಿಪಿಎಸ್, ವೈರ್‌ಲೆಸ್, ಎಲ್‌ಇಡಿ ಲೈಟ್, ನೀರು ಹೊರಹಾಕುವ ಪಂಪ್, ಏಳೆಂಟು ಜನರ ಮೊಬೈಲ್. ಬ್ಯಾಟರಿ ಮಾತ್ರ ಹಳೆಯದೇ, ಒಂದೇ!

ಎಲ್ಲ ಸೇರಿ ಸರಾಸರಿ 8 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಎಂಜಿನ್ ನಿಲ್ಲಿಸಿದ 10 ಗಂಟೆಗೆ 80 ಆಂಪಿಯರ್-ಅವರ್ ಆಯಿತು. ಮೇಲೆ 100 ಎಂದು ಬರೆದ ಬ್ಯಾಟರಿಯಿಂದ 80 ತೆಗೆಯಬಹುದಲ್ಲ ಎಂದು ಕಾಣುತ್ತದೆ. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಅಂದರೆ ಈ ರಾತ್ರಿಗೆ ಬೇಕಾದದ್ದು 160 ಆಂಪಿಯರ್-ಅವರ್‌ಗೂ ಹೆಚ್ಚು, ಅದೂ ಸ್ಟಾರ್ಟಿಂಗ್ ಬ್ಯಾಟರಿಯನ್ನು ಬಿಟ್ಟು.

ಸ್ಟಾರ್ಟಿಂಗ್ ಬ್ಯಾಟರಿ ಬೇರೆಯೇ ಇರಬೇಕು. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಿದ್ದರೆ ಇದನ್ನು ಇಡಿ. ಲೈಟು, ಮೊಬೈಲ್ ಎಲ್ಲ ಒಂದು ಬ್ಯಾಂಕಿನಿಂದ, ಎಂಜಿನ್ ಇನ್ನೊಂದರಿಂದ. ಚಾರ್ಜ್ ಎರಡಕ್ಕೂ ಒಂದೇ ಆಲ್ಟರ್ನೇಟರಿನಿಂದ ಆಗಬಹುದು. ಅದಕ್ಕೆ ವೋಲ್ಟೇಜ್ ನೋಡಿ ತಾನೇ ಜೋಡಿಸುವ, ತಾನೇ ಬಿಡಿಸುವ ರಿಲೇ ಸಿಗುತ್ತದೆ. ಎಂಜಿನ್ ಓಡುವಾಗ ವೋಲ್ಟೇಜ್ ಏರಿದರೆ ಎರಡನ್ನೂ ಸೇರಿಸುತ್ತದೆ, ಎಂಜಿನ್ ನಿಂತು ಇಳಿದರೆ ಬೇರೆ ಮಾಡುತ್ತದೆ. ಕೈಯಲ್ಲಿ ತಿರುಗಿಸುವ ಸ್ವಿಚ್ಚೂ ಉಂಟು, ಕಡಿಮೆ ರೇಟು. ಆದರೆ ಬಲೆ ಎಳೆದು ಸುಸ್ತಾದವನು ಅದನ್ನು 'ಎರಡೂ' ಎನ್ನುವಲ್ಲೇ ಬಿಟ್ಟು ಮಲಗುತ್ತಾನೆ. ಬೆಳಿಗ್ಗೆ ಎರಡೂ ಖಾಲಿ. ಮನುಷ್ಯನ ನೆನಪಿನ ಮೇಲೆ ಬಿಡುವುದಕ್ಕಿಂತ ರಿಲೇಗೆ ದುಡ್ಡು ಕೊಡುವುದೇ ಲೇಸು ಎನ್ನುವುದು ನನ್ನ ಅಭಿಪ್ರಾಯ.

ಟ್ರಾಲ್ ಬೋಟ್‌ಗಳ ಎಂಜಿನ್ ಹೆಚ್ಚಿನ ಹೊತ್ತು ಓಡುತ್ತಲೇ ಇರುವುದರಿಂದ ಅಲ್ಲಿ ಬ್ಯಾಟರಿ ತುಂಬುತ್ತದೆ. ಗಿಲ್‌ನೆಟ್‌ನವರ ಕಥೆ ಬೇರೆ. ಹೋಗುವಾಗ ಒಂದೆರಡು ಗಂಟೆ, ಬರುವಾಗ ಒಂದೆರಡು ಗಂಟೆ ಎಂಜಿನ್, ನಡುವೆ ರಾತ್ರಿಯಿಡೀ ಲೈಟ್. ಬ್ಯಾಟರಿ ಮುಕ್ಕಾಲು ಪಾಲು ಬೇಗ ತುಂಬುತ್ತದೆ, ಉಳಿದ ಕಾಲು ಪಾಲಿಗೆ ಗಂಟೆಗಟ್ಟಲೆ ಬೇಕು. ಆ ಕಾಲು ಪಾಲು ಎಂದೂ ತುಂಬದಿದ್ದರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಅಷ್ಟು ಜಾಗ ಸತ್ತ ಹಾಗೆಯೇ. 'ಈ ಕಂಪೆನಿಯದ್ದು ಬಾಳಿಕೆ ಬರುವುದಿಲ್ಲ' ಎಂದು ಬೈದು ಪ್ರತಿ ವರ್ಷ ಹೊಸತು ಹಾಕುವವರಲ್ಲಿ ಹಲವರ ಸಮಸ್ಯೆ ಕಂಪೆನಿಯದ್ದಲ್ಲ, ಇದು.

ಇಂತಹ ದೋಣಿಗೆ ಸೋಲಾರ್ ಒಳ್ಳೆಯ ಜೊತೆ. 100 ವಾಟ್‌ನ ಒಂದು ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ 25ರಿಂದ 30 ಆಂಪಿಯರ್-ಅವರ್ ಕೊಡುತ್ತದೆ. ದೋಣಿ ದಡದಲ್ಲಿ ನಿಂತಾಗಲೂ ಅದು ಸುಮ್ಮನೆ ಕೂರುವುದಿಲ್ಲ, ಆ ಉಳಿದ ಕಾಲು ಪಾಲನ್ನು ನಿಧಾನಕ್ಕೆ ತುಂಬುತ್ತದೆ. ಆದರೆ ನಡುವೆ ಚಾರ್ಜ್ ಕಂಟ್ರೋಲರ್ ಬೇಕೇ ಬೇಕು. ಪ್ಯಾನೆಲಿನಿಂದ ಬ್ಯಾಟರಿಗೆ ನೇರ ವೈರ್ ಕೊಟ್ಟರೆ ಬ್ಯಾಟರಿ ಕುದಿಯುತ್ತದೆ.

ವೈರಿನಲ್ಲಿ ಉಳಿಸಿದ ದುಡ್ಡು

ಆಲ್ಟರ್ನೇಟರ್ ಸರಿ ಇದೆ, ಬ್ಯಾಟರಿಯೂ ಹೊಸತು, ಆದರೂ ಚಾರ್ಜ್ ಹಿಡಿಯುವುದಿಲ್ಲ. ಹೀಗೆ ಹೇಳುವವರು ವೈರ್ ನೋಡಬೇಕು. ಎಂಜಿನ್‌ನಿಂದ ಬ್ಯಾಟರಿ 6 ಮೀಟರ್ ದೂರ ಇದ್ದರೆ ಹೋಗಿ ಬರುವ ವೈರ್ 12 ಮೀಟರ್. ಮನೆ ವೈರಿಂಗಿನಲ್ಲಿ ಉಳಿದ 6 ಸ್ಕ್ವೇರ್ ಎಂಎಂ ವೈರ್ ಹಾಕಿ 40 ಆಂಪಿಯರ್ ಹರಿಸಿದರೆ ದಾರಿಯಲ್ಲೇ 1.4 ವೋಲ್ಟ್ ಕಳೆದುಹೋಗುತ್ತದೆ. ಆಲ್ಟರ್ನೇಟರ್ 14.4 ಕೊಟ್ಟರೆ ಬ್ಯಾಟರಿಗೆ ಮುಟ್ಟುವುದು 13. ಬ್ಯಾಟರಿ ತುಂಬುವುದು ಹೇಗೆ? ಕಳೆದುಹೋದ ವೋಲ್ಟ್ ಎಲ್ಲಿಗೂ ಹೋಗಿಲ್ಲ, ವೈರನ್ನು ಬಿಸಿ ಮಾಡುತ್ತಾ ಕೂತಿದೆ. ಅದೇ ಜಾಗಕ್ಕೆ 25 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 0.34 ವೋಲ್ಟ್ ಮಾತ್ರ. ತಾಮ್ರದ ರೇಟ್ ಜಾಸ್ತಿಯೇ. ಆಗದಿದ್ದರೆ ಬ್ಯಾಟರಿಯನ್ನು ಎಂಜಿನ್ ಹತ್ತಿರ ತನ್ನಿ, ಆದರೆ ಎಂಜಿನ್ನಿನ ಶಾಖ ಹೊಡೆಯುವಷ್ಟು ಹತ್ತಿರ ಬೇಡ.

ಕಡಲಿಗೆ ತವರ ಲೇಪಿಸಿದ ತಾಮ್ರದ ವೈರ್ ಒಳ್ಳೆಯದು. ಸಾಮಾನ್ಯ ತಾಮ್ರ ಉಪ್ಪು ಗಾಳಿಗೆ ಒಳಗೊಳಗೇ ಕಪ್ಪಾಗಿ, ಹಸಿರಾಗಿ ಹೋಗುತ್ತದೆ, ಹೊರಗಿನ ಪ್ಲಾಸ್ಟಿಕ್ ಹೊಸತರ ಹಾಗೇ ಇರುತ್ತದೆ. ಜೋಡಣೆಯನ್ನು ಕೈಯಲ್ಲಿ ತಿರುಚಿ ಟೇಪ್ ಸುತ್ತುವುದಲ್ಲ, ಲಗ್ ಹಾಕಿ ಒತ್ತಿ, ಮೇಲೆ ಹೀಟ್ ಶ್ರಿಂಕ್ ಏರಿಸಬೇಕು. ಸ್ಟೀಲ್ ಬೋಟಿನವರು ಇನ್ನೊಂದು ವಿಷಯ ಗಮನಿಸಬೇಕು. ಲಾರಿಯಲ್ಲಿ ಮಾಡುವ ಹಾಗೆ ಮೈನಸ್‌ಗೆ ಬೋಟಿನ ಬಾಡಿಯನ್ನೇ ಬಳಸಬಾರದು. ಪ್ಲಸ್‌ಗೆ ಒಂದು, ಮೈನಸ್‌ಗೆ ಒಂದು, ಎರಡು ವೈರ್ ಎಳೆಯಲೇಬೇಕು. ಇಲ್ಲದಿದ್ದರೆ ಸೋರುವ ಕರೆಂಟ್ ಕಡಲ ನೀರಿನಲ್ಲಿ ಶಾಫ್ಟ್, ಪ್ರೊಪೆಲ್ಲರ್, ಕಡೆಗೆ ತಗಡನ್ನೇ ತಿನ್ನುತ್ತದೆ. ಲಾರಿ ವೈರಿಂಗ್ ಮಾಡುವವರನ್ನು ಬೋಟಿಗೆ ಕರೆಯುವಾಗ ಈ ಮಾತು ಮೊದಲೇ ಹೇಳಿ. ಅವರ ಕೆಲಸ ಕೆಟ್ಟದು ಎಂದಲ್ಲ, ಲಾರಿ ಉಪ್ಪು ನೀರಲ್ಲಿ ನಿಲ್ಲುವುದಿಲ್ಲ, ಅಷ್ಟೇ.

ಫ್ಯೂಸ್ ಎಲ್ಲಿರಬೇಕು? ಲೈಟಿನ ಹತ್ತಿರ ಅಲ್ಲ, ಬ್ಯಾಟರಿಯ ಹತ್ತಿರ. ಪ್ಲಸ್ ಟರ್ಮಿನಲಿನಿಂದ ಒಂದು ಗೇಣಿನೊಳಗೆ, ಸುಮಾರು 18 ಸೆಂಟಿಮೀಟರ್. ಯಾಕೆಂದರೆ ಫ್ಯೂಸಿನ ಆಚೆ ವೈರ್ ಉಜ್ಜಿ ಶಾರ್ಟ್ ಆದರೆ ಫ್ಯೂಸ್ ಕಾಯುತ್ತದೆ, ಈಚೆ ಆದರೆ ಕಾಯುವವರಿಲ್ಲ. ಫ್ಯೂಸ್ ಕಾಯುವುದು ವೈರನ್ನು, ಆದ್ದರಿಂದ ವೈರ್ ತಾಳುವಷ್ಟೇ ಆಂಪಿಯರಿನದ್ದು ಹಾಕಬೇಕು. ಪದೇ ಪದೇ ಹೋಗುತ್ತದೆ ಎಂದು ದೊಡ್ಡದು ಹಾಕುವುದು, ಇಲ್ಲವೇ ತಾಮ್ರದ ಎಳೆ ಸುತ್ತುವುದು, ಕಾವಲುಗಾರನನ್ನು ಮನೆಗೆ ಕಳಿಸಿದ ಹಾಗೆ. ಮನೆಯ ಎಂಸಿಬಿಯನ್ನು ಇಲ್ಲಿ ಬಳಸುವುದೂ ತಪ್ಪು. ಅದು ಎಸಿ ಕರೆಂಟಿಗೆ ಮಾಡಿದ್ದು. ಡಿಸಿಯ ಕಿಡಿ ಸುಲಭಕ್ಕೆ ಆರುವುದಿಲ್ಲ, ಡಿಸಿಗೆಂದೇ ಬರೆದದ್ದು ಕೇಳಿ ತೆಗೆದುಕೊಳ್ಳಿ.

ಮೈನ್ ಸ್ವಿಚ್ ಕೈಗೆ ಸಿಗುವ ಕಡೆ ಇರಲಿ, ಆದರೆ ಎಂಜಿನ್ ಓಡುವಾಗ ಅದನ್ನು ಆಫ್ ಮಾಡಬೇಡಿ, ಆಲ್ಟರ್ನೇಟರಿನ ಡಯೋಡ್ ಸುಟ್ಟುಹೋಗಬಹುದು. ನೀರು ಹೊರಹಾಕುವ ಪಂಪಿಗೆ ಮಾತ್ರ ಮೈನ್ ಸ್ವಿಚ್ಚಿಗಿಂತ ಮುಂಚೆಯೇ ಬೇರೆ ಲೈನ್, ಬೇರೆ ಫ್ಯೂಸ್. ಎಲ್ಲ ಆಫ್ ಮಾಡಿ ಮನೆಗೆ ಬಂದ ರಾತ್ರಿಯೂ ದೋಣಿಗೆ ನೀರು ಬರುತ್ತದಲ್ಲ.

ಪೆಟ್ಟಿಗೆ, ಗಾಳಿ, ಒಲೆ

ಬ್ಯಾಟರಿಗೆ ಆಸಿಡ್ ತಿನ್ನದ ಪ್ಲಾಸ್ಟಿಕ್ ಅಥವಾ ಫೈಬರ್ ಪೆಟ್ಟಿಗೆ ಬೇಕು, ಬೋಟ್ ಎಷ್ಟು ಹೊರಳಿದರೂ ಅಲುಗದ ಹಾಗೆ ಬೆಲ್ಟ್ ಬೇಕು, ಟರ್ಮಿನಲ್‌ಗೆ ಮುಚ್ಚಳ ಬೇಕು. ತಳದ ನೀರು ಮುಟ್ಟದ ಎತ್ತರದಲ್ಲಿರಬೇಕು. ಉಪ್ಪು ನೀರು ಬ್ಯಾಟರಿಯ ಒಳಗೆ ಹೋದರೆ ಕ್ಲೋರಿನ್ ಎನ್ನುವ ವಿಷದ ಗಾಳಿ ಹುಟ್ಟುತ್ತದೆ. ಮುಚ್ಚಿದ ಕ್ಯಾಬಿನಿನಲ್ಲಿ ಅದನ್ನು ಉಸಿರಾಡಿದವನ ಶ್ವಾಸಕೋಶ ಹಾಳು.

ಹೈಡ್ರೋಜನ್ ಹಗುರ, ಮೇಲೆ ಹೋಗುತ್ತದೆ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಕಿಂಡಿ ಇರಬೇಕು, ಅದು ಹೊರಗಿನ ಗಾಳಿಗೆ ತೆರೆಯಬೇಕು, ಮಲಗುವ ಕ್ಯಾಬಿನಿಗಲ್ಲ. ಪೆಟ್ರೋಲ್ ಆವಿ ಮತ್ತು ಅಡುಗೆ ಗ್ಯಾಸ್ ಭಾರ, ತಳದಲ್ಲಿ ಕೂರುತ್ತವೆ. ನಮ್ಮ ಬೋಟುಗಳಲ್ಲಿ ಗಂಜಿ, ಮೀನು ಸಾರು ಆಗುವುದು ಗ್ಯಾಸ್ ಒಲೆಯಲ್ಲೇ. ಒಲೆ, ಸಿಲಿಂಡರ್, ಪೆಟ್ರೋಲ್ ಕ್ಯಾನ್ ಯಾವುದೂ ಬ್ಯಾಟರಿ ಇರುವ ಮುಚ್ಚಿದ ಜಾಗದಲ್ಲಿ ಇರಬಾರದು. ಚಾರ್ಜ್ ಆಗುವ ಬ್ಯಾಟರಿ ಹತ್ತಿರ ಬೀಡಿ ಹಚ್ಚುವವನಿಗೆ ಬುದ್ಧಿ ಹೇಳಬೇಕಾದದ್ದು ತಾಂಡೇಲ. ತಾಂಡೇಲನೇ ಹಚ್ಚಿದರೆ ಹೇಳುವವರು ಯಾರು ಎಂದು ಕೇಳಬೇಡಿ!

ಕೊಳೆತ ಮೊಟ್ಟೆಯ ವಾಸನೆ ಬಂತೆಂದರೆ ಬ್ಯಾಟರಿಗೆ ಚಾರ್ಜ್ ಮಿತಿಮೀರಿದೆ, ಇಲ್ಲವೇ ಒಂದು ಸೆಲ್ ಹೋಗಿದೆ. ಬಿಸಿಯಾಗಿ ಉಬ್ಬಿದ್ದರೂ ಹಾಗೇ. ಆಗ ಟರ್ಮಿನಲ್ ಕೀಳಲಿಕ್ಕೆ ಹೋಗಬಾರದು, ಕಿಡಿ ಹಾರುತ್ತದೆ. ಸುರಕ್ಷಿತ ಜಾಗದಲ್ಲಿದ್ದರೆ ಎಂಜಿನ್ ನಿಲ್ಲಿಸಿ, ಮುಚ್ಚಳ ಮತ್ತು ಬಾಗಿಲು ತೆರೆದು ಗಾಳಿ ಆಡಲಿಕ್ಕೆ ಬಿಡಿ, ದೂರ ನಿಲ್ಲಿ. ತಣಿದ ಮೇಲೆ ಬಿಚ್ಚುವಾಗ ಮೊದಲು ಮೈನಸ್, ಮತ್ತೆ ಪ್ಲಸ್. ಹಾಕುವಾಗ ಮೊದಲು ಪ್ಲಸ್.

ಲಿಥಿಯಂ ಬ್ಯಾಟರಿಯ ಬಗ್ಗೆ ಹುಡುಗರು ತುಂಬಾ ಕೇಳುತ್ತಾರೆ. ಹಗುರ, ಬೇಗ ತುಂಬುತ್ತದೆ, ಹೆಚ್ಚು ವರ್ಷ ಬರುತ್ತದೆ, ಎಲ್ಲ ನಿಜ. ಬೋಟಿಗೆ ಹಾಕುವುದಿದ್ದರೆ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದ್ದು, ಒಳಗೆ ಬಿಎಂಎಸ್ ಇರುವಂಥದ್ದು. ಹಳೆ ಸ್ಕೂಟರಿನ ಸೆಲ್ ಬಿಚ್ಚಿ ಯಾರೋ ಕಟ್ಟಿಕೊಟ್ಟದ್ದು ಬೇಡವೇ ಬೇಡ. ಇದನ್ನು ಹಳೆ ಬ್ಯಾಟರಿ ತೆಗೆದ ಜಾಗಕ್ಕೆ ಸುಮ್ಮನೆ ಜೋಡಿಸಲಿಕ್ಕೂ ಆಗುವುದಿಲ್ಲ. ಅದು ಸಿಕ್ಕಿದಷ್ಟು ಕರೆಂಟ್ ನುಂಗುತ್ತದೆ, ಆಲ್ಟರ್ನೇಟರ್ ಕಾದು ಸುಡುತ್ತದೆ. ತುಂಬಿದ ಕೂಡಲೇ ಬಿಎಂಎಸ್ ತಟ್ಟನೆ ಸಂಪರ್ಕ ಕಡಿದರೆ ಆ ಹೊಡೆತಕ್ಕೆ ವೋಲ್ಟೇಜ್ ಚಿಮ್ಮಿ ಜಿಪಿಎಸ್, ವೈರ್‌ಲೆಸ್ ಎಲ್ಲ ಹೋಗಬಹುದು. ಸ್ಟಾರ್ಟಿಂಗಿಗೆ ಲೆಡ್ ಆಸಿಡ್ ಹಾಗೇ ಇಟ್ಟು, ಅದರಿಂದ ಡಿಸಿ-ಡಿಸಿ ಚಾರ್ಜರ್ ಮೂಲಕ ಲಿಥಿಯಂಗೆ ಕೊಡುವುದು ಸರಿಯಾದ ದಾರಿ. ಅಷ್ಟು ಖರ್ಚಿಗೆ ಈ ವರ್ಷ ಕೈಯಲ್ಲಿಲ್ಲದಿದ್ದರೆ ಅರ್ಧಂಬರ್ಧ ಲಿಥಿಯಂಗಿಂತ ಪೂರ್ತಿ ಲೆಡ್ ಆಸಿಡ್ ಎಷ್ಟೋ ಮೇಲು.

ಖರ್ಚು ಯಾರದ್ದು ಎನ್ನುವ ಪ್ರಶ್ನೆ ಇದ್ದೇ ಇದೆ. ಓನರ್ ದಡದಲ್ಲಿ, ಮಲಗುವುದು ಕಲಾಸಿಗಳು. ಬಲೆಗೆ ಹಾಕಿದ ದುಡ್ಡು ಮೀನಾಗಿ ಬರುತ್ತದೆ, ಫ್ಯೂಸಿಗೆ ಹಾಕಿದ್ದು ಎಲ್ಲಿ ಬರುತ್ತದೆ ಎಂದು ಓನರ್ ಯೋಚಿಸುತ್ತಾನೆ. ಆದರೆ ಬೋಟ್ ಸುಟ್ಟರೆ ಸಾಲ ಉಳಿಯುವುದು ಅವನ ತಲೆಗೇ. ಕೆಲಸಕ್ಕೆ ಹೋಗುವ ಹುಡುಗನ ಉಮ್ಮ, ಉಪ್ಪ ಲೈಫ್ ಜಾಕೆಟ್ ಉಂಟಾ ಎಂದು ಕೇಳುವ ಹಾಗೆ ಬ್ಯಾಟರಿ ಎಲ್ಲಿಟ್ಟಿದ್ದೀರಿ, ಮಗ ಎಲ್ಲಿ ಮಲಗುತ್ತಾನೆ ಎಂದೂ ಕೇಳಿದರೆ ತಪ್ಪೇನಿಲ್ಲ. ಪುಡಿಯ ಅಗ್ನಿಶಾಮಕ ಸಿಲಿಂಡರ್ ಒಂದು ಕ್ಯಾಬಿನಿನ ಬಾಗಿಲ ಹೊರಗೆ ಇರಲಿ, ಒಳಗಲ್ಲ. ಒಳಗೆ ಬೆಂಕಿ ಇದ್ದಾಗ ಒಳಗೆ ಹೋಗಿ ತರುವುದು ಹೇಗೆ? ಕೋಸ್ಟ್ ಗಾರ್ಡಿನ 1554 ನಂಬರ್ ಎಲ್ಲರ ಮೊಬೈಲಿನಲ್ಲಿ ಇರಲಿ, ಮೊಬೈಲ್ ಸಿಗ್ನಲ್ ಇಲ್ಲದಲ್ಲಿ ವೈರ್‌ಲೆಸ್‌ನ 16ನೇ ಚಾನೆಲ್.

ಇನ್ನು ಪರೀಕ್ಷೆ. ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ, ಪ್ರತಿ ಬೋಟಿನಲ್ಲಿ ಒಂದಿರಬೇಕು. ಇಲ್ಲಿ ಹೇಳುವ ಅಂಕಿ 12 ವೋಲ್ಟಿನದ್ದು, 24 ವೋಲ್ಟಿನ ಬೋಟಿನವರು ಎರಡರಷ್ಟು ಮಾಡಿಕೊಳ್ಳಿ. ಎಂಜಿನ್ ನಿಲ್ಲಿಸಿ, ಲೈಟೆಲ್ಲ ಆಫ್ ಮಾಡಿ, ಕೆಲವು ಗಂಟೆ ಬಿಟ್ಟು ನೋಡಿದರೆ 12.6 ಅಥವಾ 12.7 ಇದ್ದರೆ ಪೂರ್ತಿ ತುಂಬಿದೆ. 12.2 ಅಂದರೆ ಅರ್ಧ. 11.8ಕ್ಕೆ ಬಂದರೆ ಖಾಲಿ ಎಂದೇ ಲೆಕ್ಕ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ತುಂಬಾ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ ಬ್ಯಾಟರಿಯ ಟರ್ಮಿನಲಿನಲ್ಲೇ 14ರಿಂದ 14.4 ಕಾಣಬೇಕು. ಅಲ್ಲಿ 13 ಕಂಡು ಆಲ್ಟರ್ನೇಟರಿನಲ್ಲಿ 14.4 ಕಂಡರೆ ವೈರಿನ ಕಥೆ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಆ ಬೋಟ್ ಕಡಲಿಗೆ ಇಳಿಯಬಾರದು.

ಜುಲೈ ಕೊನೆಯ ವಾರ ಬೋಟ್ ನೀರಿಗೆ ಇಳಿದ ಮೇಲೆ ದಕ್ಕೆಯಲ್ಲೇ ಕಟ್ಟಿ ಒಂದು ರಾತ್ರಿ ಎಲ್ಲ ಹಾಕಿ ನೋಡಿ. ಲೈಟ್, ಜಿಪಿಎಸ್, ಇಕೋ ಸೌಂಡರ್, ವೈರ್‌ಲೆಸ್, ಎಂಜಿನ್ ಮಾತ್ರ ಆಫ್. ಒಂದು ಗಂಟೆ ಆದ ಮೇಲೆ ಪ್ರತಿ ಜೋಡಣೆಯನ್ನೂ, ಫ್ಯೂಸನ್ನೂ ಹೊರಗಿನಿಂದ ಕೈಯಲ್ಲಿ ಮುಟ್ಟಿ, ಬಿಸಿ ಇದ್ದ ಕಡೆ ಸಡಿಲ ಇದೆ. ಬೆಳಿಗ್ಗೆ ಎಲ್ಲ ಆಫ್ ಮಾಡಿ, ಒಂದಿಷ್ಟು ಹೊತ್ತು ಬಿಟ್ಟು ಮೀಟರ್ ಹಿಡಿಯಿರಿ. 12.2ಕ್ಕಿಂತ ಕೆಳಗೆ ಇದ್ದರೆ ಲೋಡ್ ಕಡಿಮೆ ಮಾಡಬೇಕು, ಇಲ್ಲವೇ ಇನ್ನೊಂದು ಬ್ಯಾಟರಿ ಸೇರಿಸಬೇಕು. ಸೇರಿಸುವುದಿದ್ದರೆ ಹಳೆಯದಕ್ಕೆ ಹೊಸತನ್ನು ಜೋಡಿಸಬೇಡಿ, ಹಳೆಯದು ಹೊಸತನ್ನೂ ಎಳೆದು ಹಾಕುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿ, ಹಳೆಯದನ್ನು ಅಂಗಡಿಗೆ ಕೊಟ್ಟರೆ ಸೀಸದ ರೇಟ್ ಸಿಗುತ್ತದೆ.